ಮೀನಿನ ಮೈಮೇಲಿನ ಸಕ್ಕರೆ

(ಶತಮಾನೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಶತಮಾನೋತ್ಸವದ ಉಪನ್ಯಾಸವೆಂದರೆ ಶಾಲೆಯ ಇತಿಹಾಸವನ್ನೋ ನುಡಿಯ ಹಿರಿಮೆಯನ್ನೋ ಕುರಿತದ್ದಾಗಿರಬೇಕೆಂಬ ನಿರೀಕ್ಷೆ ಸಹಜ. ಹಿರಿಯರು ಆ ವಿಷಯಗಳನ್ನು ಈಗಾಗಲೇ ಸಮರ್ಥವಾಗಿ ಮಂಡಿಸಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಮೀನು. ಇದಕ್ಕೆ ಎರಡು ಕಾರಣಗಳಿವೆ. ಪೆನ್ನಾಗರಂನಿಂದ ಸ್ವಲ್ಪವೇ ದೂರದಲ್ಲಿ ಕನ್ನಡದ ಹೆಸರನ್ನೇ ಹೊತ್ತ ಹೊಗೆನಕಲ್ ಇದೆ. ಅಲ್ಲಿ ಹರಿಗೋಲು, ಬಲೆ, ಮೀನು ಹುರಿಯುವ ಬಾಣಲೆ ಇವುಗಳನ್ನು ನಂಬಿ ಬದುಕುವ ಮನೆಗಳು ಹಲವು. ಎರಡನೆಯದಾಗಿ, ತಮಿಳುನಾಡಿನಲ್ಲಿದ್ದು ಕನ್ನಡದಲ್ಲಿ ಓದುವ ಮಗು ಇಂದಿನ ವಿಜ್ಞಾನವನ್ನು ಮುಟ್ಟಬಲ್ಲುದೇ ಎಂಬ ಸಂದೇಹವನ್ನು ಪೋಷಕರು ನಮ್ಮ ಮುಂದೆ ಇಡುತ್ತಲೇ ಬಂದಿದ್ದಾರೆ. ಅದಕ್ಕೆ ವಾದದಿಂದ ಉತ್ತರಿಸುವುದಕ್ಕಿಂತ, ಇತ್ತೀಚಿನ ಒಂದು ವಿಷಯವನ್ನು ಕನ್ನಡದಲ್ಲಿಯೇ ವಿವರಿಸಿ ತೋರಿಸುವುದು ಮೇಲೆಂದು ಭಾವಿಸಿದ್ದೇವೆ.

ಹಿಡಿದ ಮೀನು ಕೈಯಿಂದ ಜಾರುವುದು ಅದರ ಮೈಮೇಲಿನ ಲೋಳೆಯಿಂದ. ನಮ್ಮ ಚರ್ಮದ ಹೊರಪದರ ಸತ್ತ ಜೀವಕೋಶಗಳ ಒಣ ಹೊದಿಕೆ. ಮೀನಿಗೆ ಆ ಅನುಕೂಲವಿಲ್ಲ. ಅದರ ಚರ್ಮದ ಅತ್ಯಂತ ಹೊರಗಿನ ಕೋಶಗಳೂ ಜೀವಂತ. ಕೆರೆ ಹೊಳೆಗಳ ನೀರಿನ ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷದ ಆಸುಪಾಸು ಬ್ಯಾಕ್ಟೀರಿಯಾಗಳಿರುವುದು ಸಾಮಾನ್ಯ. ಅಂತಹ ನೀರಿನಲ್ಲಿ ಹಗಲಿರುಳು ಮುಳುಗಿರುವ ಜೀವಿಗೆ ಲೋಳೆಯೇ ಮೊದಲ ಕೋಟೆ. ಅದು ಸದಾ ಸ್ರವಿಸುತ್ತ, ಸದಾ ಕೊಚ್ಚಿಹೋಗುತ್ತ, ತನ್ನೊಡನೆ ಸೂಕ್ಷ್ಮಜೀವಿಗಳನ್ನೂ ಸಾಗಿಸುತ್ತದೆ. ಬ್ಯಾಕ್ಟೀರಿಯಾಗಳ ಗೋಡೆಯನ್ನು ಒಡೆಯುವ ಲೈಸೋಜೈಮ್ ಮೊದಲಾದ ರಕ್ಷಕ ವಸ್ತುಗಳೂ ಅದರಲ್ಲಿವೆ.

ಈ ಲೋಳೆಯ ಮುಖ್ಯ ವಸ್ತು ಮ್ಯೂಸಿನ್ ಎಂಬ ಪ್ರೋಟೀನು. ಪ್ರೋಟೀನು ಎಂದು ಕರೆದರೂ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ನಡುವೆ ಒಂದು ದಂಟು, ಅದರ ಸುತ್ತ ದಟ್ಟವಾಗಿ ಸಕ್ಕರೆಯ ಸರಪಳಿಗಳು: ರಾಗಿಯ ತೆನೆಯನ್ನು ನೆನೆದರೆ ಚಿತ್ರ ಸ್ಪಷ್ಟವಾದೀತು. ಇವು ಚಹಕ್ಕೆ ಹಾಕುವ ಸಕ್ಕರೆಯಲ್ಲ. ಗ್ಯಾಲಕ್ಟೋಸ್, ಫ್ಯೂಕೋಸ್, ಮ್ಯಾನೋಸ್, ಸಿಯಾಲಿಕ್ ಆಮ್ಲ ಮುಂತಾದವು. ಚರ್ಮದ ಮತ್ತು ಕಿವಿರಿನ ಜೀವಕೋಶಗಳ ಹೊರಮೈಯಲ್ಲಿಯೂ ಇಂತಹ ಸರಪಳಿಗಳಿವೆ. ಯಾವ ಸಕ್ಕರೆಯ ಮುಂದೆ ಯಾವುದು ಕೂಡಿದೆ, ತುದಿಯಲ್ಲಿ ಯಾವುದಿದೆ ಎಂಬ ಕ್ರಮವೇ ಆ ಕೋಶದ ಗುರುತು.

ಈ ಗುರುತನ್ನು ಓದಬಲ್ಲ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಆರಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ 1954ರಲ್ಲಿ ಈ ಹೆಸರನ್ನು ರೂಪಿಸಲಾಯಿತು. ಅನೇಕ ಬ್ಯಾಕ್ಟೀರಿಯಾಗಳು ತಮ್ಮ ಮೈಮೇಲೆ, ಇಲ್ಲವೇ ಕೂದಲಿನಂತಹ ಸಣ್ಣ ಎಳೆಗಳ ತುದಿಯಲ್ಲಿ, ಲೆಕ್ಟಿನ್ನುಗಳನ್ನು ಹೊತ್ತಿರುತ್ತವೆ. ಹೊಂದುವ ಸಕ್ಕರೆ ಎದುರಾದಾಗ ಎರಡೂ ಕೂಡಿಕೊಳ್ಳುತ್ತವೆ. ಒಂದು ಜೋಡಣೆ ಬಲು ದುರ್ಬಲ. ನೀರಿನ ಸೆಳವು ಅದನ್ನು ಬಿಡಿಸಬಲ್ಲುದು. ಆದರೆ ನೂರಾರು ಜೋಡಣೆಗಳು ಒಟ್ಟಿಗೆ ಆದಾಗ ಹಿಡಿತ ಭದ್ರವಾಗುತ್ತದೆ. ಹೊಲದಲ್ಲಿ ನಡೆದವರ ಸೀರೆಯ ಅಂಚಿಗೆ ಅಂಟುಪುರಲೆ ಹತ್ತಿಕೊಳ್ಳುವುದೂ ಹೀಗೆಯೇ. ಒಂದು ಕೊಕ್ಕೆಯಿಂದ ಅದು ನಿಲ್ಲದು, ಅನೇಕ ಕೊಕ್ಕೆಗಳಿಂದ ನಿಲ್ಲುತ್ತದೆ.

ಲೆಕ್ಟಿನ್ನುಗಳ ಕಥೆಯಲ್ಲಿ ನಮ್ಮ ಹೊಲಗಳ ಬೆಳೆಗಳಿಗೂ ಪಾಲಿದೆ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಹರಳು ಬೀಜದ ಸತ್ವವು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವುದನ್ನು ಕಂಡ. 1951ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಜಿ. ಡಬ್ಲ್ಯು. ಜಿ. ಬರ್ಡ್ ಅವರು ಹುರುಳಿಯ ಸತ್ವಕ್ಕೂ ಇಂತಹ ಗುಣವಿರುವುದನ್ನು ವರದಿ ಮಾಡಿದರು. ‘ಎ’ ಗುಂಪಿನ ರಕ್ತದ ಉಪಗುಂಪುಗಳನ್ನು ಬೇರ್ಪಡಿಸಲು ಅದು ಇಂದಿಗೂ ನೆರವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡವು 1994ರಲ್ಲಿ ಕಡಲೆಕಾಯಿಯ ಲೆಕ್ಟಿನ್ನಿನ, 1996ರಲ್ಲಿ ಹಲಸಿನ ಬೀಜದ ಲೆಕ್ಟಿನ್ನಿನ ರಚನೆಯನ್ನು ಪ್ರಕಟಿಸಿತು. ಮಕ್ಕಳೇ, ನಿಮ್ಮ ಮನೆಯ ಹುರುಳಿ, ಕಡಲೆಕಾಯಿ, ಹಲಸುಗಳು ಪ್ರಯೋಗಾಲಯದ ಮೇಜನ್ನು ಏರಿದ್ದು ಹೀಗೆ.

ಈಗ ಮೀನಿನ ರೋಗಕ್ಕೆ ಬರೋಣ. ಬೆಚ್ಚಗಿನ ಸಿಹಿನೀರಿನ ಮೀನುಗಳನ್ನು ಕಾಡುವ ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂಬ ಬ್ಯಾಕ್ಟೀರಿಯಾ ಇದೆ. 1922ರಲ್ಲಿ ಡೇವಿಸ್ ಎಂಬವರು ಈ ರೋಗವನ್ನು ಮೊದಲು ವರ್ಣಿಸಿದರು. ಸೂಕ್ಷ್ಮದರ್ಶಕದಲ್ಲಿ ಇವು ಕಂಬಗಳಂತೆ ಗುಂಪುಗೂಡುವುದರಿಂದ ಆ ಹೆಸರು. ರೋಗ ತಗುಲಿದ ಮೀನಿನ ಬೆನ್ನ ಮೇಲೆ ಕುದುರೆಯ ಜೀನು ಹಾಕಿದಂತೆ ಬಿಳಿಚು ಮಚ್ಚೆ ಮೂಡುತ್ತದೆ, ಕಿವಿರು ಕೊಳೆಯುತ್ತದೆ. ಲೋಳೆಯ ವಾಸನೆ ಹಿಡಿದು ಈ ಬ್ಯಾಕ್ಟೀರಿಯಾ ಮೀನಿನತ್ತ ಸಾಗುವುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಅಂದರೆ ರಕ್ಷಣೆಯ ಹೊದಿಕೆಯೇ ಶತ್ರುವಿಗೆ ದಾರಿ ತೋರುತ್ತದೆ.

2012ರಲ್ಲಿ ಅಮೆರಿಕದ ವಿಜ್ಞಾನಿಗಳು ಅಲ್ಲಿನ ಸಾಕಣೆಯ ಬೆಕ್ಕುಮೀನಿನಲ್ಲಿ ಇನ್ನೊಂದು ಸಂಗತಿಯನ್ನು ಕಂಡರು. ಇಲ್ಲಿ ಲೆಕ್ಟಿನ್ ಇದ್ದದ್ದು ಮೀನಿನ ಕಿವಿರಿನಲ್ಲಿ. ರೋಗಕ್ಕೆ ಸುಲಭವಾಗಿ ತುತ್ತಾಗುವ ಮೀನುಗಳಲ್ಲಿ ಅದರ ಪ್ರಮಾಣ ಹೆಚ್ಚು. ಹಸಿದ ಮೀನಿನಲ್ಲಿಯೂ ಅದು ಏರುತ್ತಿತ್ತು. ಆ ಲೆಕ್ಟಿನ್ ಹಿಡಿಯುವ ರ‍್ಯಾಮ್ನೋಸ್ ಅಥವಾ ಗ್ಯಾಲಕ್ಟೋಸ್ ಸಕ್ಕರೆಯನ್ನು ಮೊದಲೇ ನೀರಿಗೆ ಬೆರೆಸಿದಾಗ ಮೀನುಗಳಿಗೆ ರಕ್ಷಣೆ ದೊರೆಯಿತು. ಬಿಡಿ ಸಕ್ಕರೆ ಮೊದಲೇ ಸ್ಥಳ ಹಿಡಿದುಕೊಂಡದ್ದರಿಂದ ಬ್ಯಾಕ್ಟೀರಿಯಾಕ್ಕೆ ನೆಲೆಯೂರಲು ಎಡೆಯಾಗಲಿಲ್ಲ.

ಈ ತಂತ್ರವನ್ನು ತಾಯಂದಿರು ಅರಿಯದೆಯೇ ಬಳಸುತ್ತ ಬಂದಿದ್ದಾರೆ. ತಾಯಿಯ ಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಹಲವು ಬಗೆಯ ಸಕ್ಕರೆ ಸರಪಳಿಗಳಿವೆ. ಕರುಳಿನ ಗೋಡೆಯ ಸಕ್ಕರೆಗಳನ್ನೇ ಹೋಲುವ ಅವು ಕೆಲವು ರೋಗಾಣುಗಳಿಗೆ ತಾವೇ ಅಂಟಿಕೊಂಡು, ಅವನ್ನು ಕರುಳಿಗೆ ಅಂಟಗೊಡದೆ ಹೊರಸಾಗಿಸುತ್ತವೆ. ಮೀನಿನ ಲೋಳೆಯಿಂದ ತೊಟ್ಟಿಲಿನವರೆಗೆ ಹಬ್ಬಿರುವ ನಿಯಮ ಒಂದೇ: ಅಂಟದ ರೋಗಾಣು ಬೇರೂರಲಾರದು.

ಇದು ಬರಿಯ ಕುತೂಹಲದ ಮಾತಲ್ಲ. 1988ರಲ್ಲಿ ಈಶಾನ್ಯ ಭಾರತಕ್ಕೆ ಕಾಲಿಟ್ಟ ಮೀನಿನ ಹುಣ್ಣುರೋಗ ಕೆಲವೇ ವರ್ಷಗಳಲ್ಲಿ ದಕ್ಷಿಣದ ನೀರುಗಳಿಗೂ ಹರಡಿತು. ಅದರ ಮೂಲ ಬೂಸ್ಟನ್ನು ಹೋಲುವ ಒಂದು ಜೀವಿ; ಹರಿದ ಚರ್ಮದಲ್ಲಿ ಏರೋಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಸೇರಿ ಹುಣ್ಣನ್ನು ಬೆಳೆಸುತ್ತವೆ. ಹುಣ್ಣಾದ ಮೀನನ್ನು ಕೊಳ್ಳುವವರಿಲ್ಲದೆ ಬೆಸ್ತರ ಮನೆಗಳ ಒಲೆ ತಣ್ಣಗಾಯಿತು. ಇಂತಹ ಭಯದಿಂದಲೇ ಸಾಕಣೆಯ ಕೊಳಗಳಿಗೆ ಕೈಗೆ ಸಿಕ್ಕ ಆ್ಯಂಟಿಬಯೋಟಿಕ್ ಸುರಿಯುವ ಅಭ್ಯಾಸ ಬೆಳೆಯುತ್ತದೆ. ಔಷಧ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲದು. ಉಳಿದವು ಔಷಧಕ್ಕೆ ಬಗ್ಗದವು, ಅವುಗಳ ಸಂತತಿಯೇ ಮುಂದೆ ಹೆಚ್ಚುತ್ತದೆ. ಆ ಗುಣ ಮನುಷ್ಯರ ರೋಗಾಣುಗಳಿಗೂ ದಾಟಬಲ್ಲುದು. ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ಮಾತ್ರೆ ಕೆಲಸ ಮಾಡದೆ ಹೋಗುವ ಅಪಾಯ ಇಲ್ಲಿಂದಲೂ ಹುಟ್ಟೀತು.

ಸಕ್ಕರೆಯ ಚಿಕಿತ್ಸೆ ಇನ್ನೂ ಸಾಮಾನ್ಯ ಮೀನುಗಾರನ ಕೈಗೆಟಕುವಂತಿಲ್ಲ. ಆದರೆ ಲೋಳೆಯನ್ನು ಕಾಪಾಡುವುದು ಇಂದೇ ಸಾಧ್ಯ. ಕೊಳಕ್ಕೆ ಬಿಡುವ ಮರಿಗಳನ್ನು ಒಣಗೈಯಲ್ಲಿ ಮುಟ್ಟಬಾರದು. ಕೈಯನ್ನು ಒದ್ದೆ ಮಾಡಿಕೊಳ್ಳಬೇಕು. ಒರಟು ಬಲೆಯಲ್ಲಿ ಉಜ್ಜಬಾರದು. ಗಂಟಿಲ್ಲದ ಮೃದುವಾದ ಬಲೆ ಲೇಸು. ಕೊಳದಲ್ಲಿ ಮರಿಗಳನ್ನು ಕಿಕ್ಕಿರಿಸಬಾರದು, ಹಸಿವಿನಲ್ಲಿ ಬಿಡಬಾರದು. ಮೀನುಗಳು ಸಾಯತೊಡಗಿದರೆ ಅಂಗಡಿಯವರ ಸಲಹೆಯಂತೆ ಔಷಧ ತಂದು ಸುರಿಯುವ ಮೊದಲು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಬೇಕು.

ಬಂಧುಗಳೇ, ಲೋಳೆ, ಕಿವಿರು, ಅಂಟು, ಹುರುಳಿ ಇವೆಲ್ಲ ನಮ್ಮ ಮಕ್ಕಳು ಶಾಲೆಗೆ ಬರುವಾಗಲೇ ಹೊತ್ತು ತಂದ ಪದಗಳು. ಲೆಕ್ಟಿನ್, ಮ್ಯೂಸಿನ್ ಎಂಬ ಕೆಲವೇ ಹೊಸ ಪದಗಳನ್ನು ಅವುಗಳ ಪಕ್ಕದಲ್ಲಿ ಕೂರಿಸಿದಾಗ ವಿಷಯ ತಿಳಿಯಾಯಿತು. ಮುಂದೆ ಈ ಮಕ್ಕಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದೇ ವಿಷಯವನ್ನು ಓದುವಾಗ ಇಲ್ಲಿ ಕಲಿತದ್ದು ನೆರವಿಗೆ ಬರುತ್ತದೆ ಎಂಬುದು ನಮ್ಮ ದೃಢವಾದ ನಂಬಿಕೆ. ಹೊಳೆಯ ದಡದ ಮನೆಗಳಿಂದ ಬರುವ ಮಕ್ಕಳನ್ನು ಹತ್ತನೆಯ ತರಗತಿ ಮುಗಿಯುವವರೆಗೂ ಶಾಲೆ ಬಿಡಿಸಬೇಡಿರೆಂದು ಪೋಷಕರಲ್ಲಿ ಪ್ರಾರ್ಥಿಸುತ್ತೇವೆ. ಹಳೆಯ ವಿದ್ಯಾರ್ಥಿಗಳು ಶತಮಾನದ ಕಾಣಿಕೆಯಾಗಿ ಶಾಲೆಗೆ ಇನ್ನೆರಡು ಸೂಕ್ಷ್ಮದರ್ಶಕಗಳನ್ನು ಒದಗಿಸಿದರೆ, ಮೀನಿನ ಲೋಳೆಯ ಒಂದು ಹನಿಯನ್ನು ಮಕ್ಕಳೇ ಕಣ್ಣಾರೆ ನೋಡುವಂತಾದೀತು.