ಹಾಲಿನ ಬಿಲ್ಲು, ದವಡೆ ಹಲ್ಲು

ಕರಿ ನಿಲುವಂಗಿಯೊಳಗೆ ಬೆವರುತ್ತ ಕುಳಿತಿರುವ ಹೊಸ ಡಾಕ್ಟರರೇ, ಹಿಂದಿನ ಸಾಲುಗಳಲ್ಲಿ ಫೋನು ಎತ್ತಿ ಹಿಡಿದಿರುವ ತಂದೆ ತಾಯಂದಿರೇ,

ಇಂಗ್ಲಿಷಿನಲ್ಲಿ ಮಾತಾಡಿದರೂ ನಡೆಯುತ್ತದೆ ಎಂದು ಆಹ್ವಾನದ ಪತ್ರದಲ್ಲಿ ಬರೆದಿದ್ದರು. ನಡೆಯುತ್ತದೆ, ನಿಜ. ಆದರೆ ನಾನಿವತ್ತು ಹೇಳಬೇಕೆಂದಿರುವ ಮಾತುಗಳೆಲ್ಲ ನನಗೆ ಸಿಕ್ಕಿದ್ದು ಕನ್ನಡದಲ್ಲಿ, ಅದೂ ಅರ್ಧ ಮರಾಠಿ ಬೆರೆತ ಕನ್ನಡದಲ್ಲಿ. ಹಾಗಾಗಿ ಕ್ಷಮೆ ಇರಲಿ.

ನನ್ನ ಊರು ಗಡಹಿಂಗ್ಲಜ. ಕೊಲ್ಲಾಪುರ ಜಿಲ್ಲೆ, ಹಿರಣ್ಯಕೇಶಿ ನದಿಯ ದಂಡೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮೆಣಸಿನಕಾಯಿ ಪೇಟೆಯಲ್ಲಿ ಎರಡೂ. ಮರಾಠಿಯಲ್ಲಿ ಗೌರವದಿಂದ ಹೆಂಗಸರಿಗೆ ‘ಬಾಯಿ’ ಅನ್ನುತ್ತಾರಲ್ಲ, ಹಾಗೆ ನಾನು ಮೂವತ್ತು ವರ್ಷದಿಂದ ‘ಡಾಕ್ಟರ್ ಬಾಯಿ’. ಕನ್ನಡದ ಅಜ್ಜಿಯರು ಅದಕ್ಕೆ ತಮ್ಮದೇ ಅರ್ಥ ಮಾಡಿಕೊಂಡಿದ್ದಾರೆ: ಬಾಯಿ ನೋಡುವ ಡಾಕ್ಟರು, ಅದಕ್ಕೇ ಡಾಕ್ಟರ್ ಬಾಯಿ. “ಹಂಗಾದ್ರ ಕಣ್ಣು ನೋಡಾವ್ರಿಗೆ ಡಾಕ್ಟರ್ ಕಣ್ಣು ಅಂತೀರೇನಬೇ?” ಎಂದು ಒಬ್ಬ ಅಜ್ಜಿಯನ್ನು ಕೇಳಿದ್ದೆ. “ಅಂದ್ರ ತಪ್ಪೇನ?” ಅಂದಳು.

ಐದು ವರ್ಷ ನೀವು ಹಲ್ಲಿನ ಬಗ್ಗೆ ಓದಿದ್ದೀರಿ. ನಾನು ರೊಕ್ಕದ ಬಗ್ಗೆ ಮಾತಾಡುತ್ತೇನೆ.

ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ನಾನು ಇಚಲಕರಂಜಿಯ ಗೆಳತಿಯೊಬ್ಬಳ ಕ್ಲಿನಿಕ್ಕಿಗೂ ಹೋಗುತ್ತಿದ್ದೆ, ವಾರಕ್ಕೊಮ್ಮೆ. ಇಚಲಕರಂಜಿ ಗೊತ್ತಲ್ಲ, ಪಂಚಗಂಗೆಯ ಪಕ್ಕದ ಪವರ್‌ಲೂಮ್ ಊರು. ಅಲ್ಲಿಯ ಮಗ್ಗಗಳಲ್ಲಿ ದುಡಿಯುವವರಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕನ್ನಡಿಗರು ಬಹಳ. ಹಳೆಯ ನೇಕಾರ ಬಾಯಿ ತೆರೆದರೆ ಅವನ ಕಸುಬು ಯಾವುದೆಂದು ಕೇಳಬೇಕಿರಲಿಲ್ಲ. ಕಡಿದ ಎಳೆಯನ್ನು ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದಲೇ ತುಂಡರಿಸಿ ತುಂಡರಿಸಿ, ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಗೀರು ಬಿದ್ದಿರುತ್ತದೆ. ದಾರ ಕೂರುವಷ್ಟೇ ಗೀರು. ಯಾವ ಪುಸ್ತಕದ ಚಿತ್ರವೂ ಅಷ್ಟು ಚೆನ್ನಾಗಿರಲಿಲ್ಲ.

ಅಂಥ ಗೀರಿನ ಒಬ್ಬ ಮನುಷ್ಯ, ಇಂಡಿ ಕಡೆಯವನು, ಕೆಳದವಡೆ ಹಿಡಿದುಕೊಂಡು ಬಂದ. ಉಳಿಸಬಹುದಾದ ಹಲ್ಲು. ಬೇರು ಗಟ್ಟಿ, ಎಲುಬು ಗಟ್ಟಿ. ನಾನು ಉತ್ಸಾಹದಿಂದ ರೂಟ್ ಕೆನಾಲ್ ವಿವರಿಸಿದೆ, ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದೆ. ಅವನು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ರೊಕ್ಕ, ಎಷ್ಟು ಸಲ ಬರಬೇಕು.

ಆಗಿನ ದರ ಬಿಡಿ, ಇವತ್ತಿನ ಲೆಕ್ಕವನ್ನೇ ಹಾಕಿ. ನನ್ನಲ್ಲಿ ಹಲ್ಲು ಕೀಳಲು ನಾಲ್ಕುನೂರು. ರೂಟ್ ಕೆನಾಲ್ ಮೂರು ಸಾವಿರ, ಮೇಲಿನ ಕ್ಯಾಪಿಗೆ ಇನ್ನೂ ಮೂರು ಸಾವಿರ. ಒಂದು ಪಾಳಿಯ ಕೂಲಿ ಆರುನೂರು ಎಂದಿಟ್ಟುಕೊಂಡರೂ ಹತ್ತು ಪಾಳಿಯ ದುಡಿಮೆ ಒಂದು ಹಲ್ಲಿಗೆ ಹೋಯಿತು. ಮೇಲೆ ನಾಲ್ಕು ಸಿಟ್ಟಿಂಗು. ಅವನ ಕೂಲಿ ನೇಯ್ದ ಬಟ್ಟೆಯ ಮೀಟರಿನ ಮೇಲೆ. ಮಗ್ಗ ನಿಂತರೆ ಮೀಟರಿಲ್ಲ, ಮೀಟರಿಲ್ಲದಿದ್ದರೆ ಕೂಲಿಯಿಲ್ಲ. ಕ್ಲಿನಿಕ್ಕಿನ ಬಾಕಿನ ಮೇಲೆ ಕಾಯುತ್ತ ಕಳೆದ ಎರಡು ತಾಸನ್ನು ನಾವು ಬಿಲ್ಲಿನಲ್ಲಿ ಬರೆಯುವುದಿಲ್ಲ, ಅವನು ಬರೆದುಕೊಳ್ಳುತ್ತಾನೆ. ಇದನ್ನೆಲ್ಲ ನನಗಿಂತ ಬೇಗ ಲೆಕ್ಕ ಹಾಕಿ ಅವನಂದ: “ಕಿತ್ತ ಬಿಡ್ರಿ ಬಾಯಿ. ನನಗ ಹೋಗಬೇಕಾಗಿದ್ದು ನೋವು.”

ಕಿತ್ತುಬಿಟ್ಟೆ. ಸಂಜೆಯವರೆಗೂ ಸಿಟ್ಟಿತ್ತು, ಅವನ ಮೇಲೆ. ಇವರಿಗೆ ಹಲ್ಲಿನ ಬೆಲೆ ಗೊತ್ತಿಲ್ಲ ಎಂದು ಗೆಳತಿಯ ಮುಂದೆ ಗೊಣಗಿದೆ. ಅವನಿಗೆ ಬೆಲೆ ಗೊತ್ತಿತ್ತು, ರೂಪಾಯಿ ಪೈಸೆ ಸಮೇತ ಗೊತ್ತಿತ್ತು. ಗೊತ್ತಿಲ್ಲದವಳು ನಾನು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾನು ಎಲ್ಲಿ ಹೇಳುತ್ತೇನೋ ಎಂದು ಕೆಲವರು ಕಾಯುತ್ತಿರಬಹುದು. ಗಾದೆ ಕಟ್ಟಿದವರು ಇನ್ನೊಂದನ್ನು ಬಿಟ್ಟಿದ್ದಾರೆ: ಹಲ್ಲೂ ಇದೆ, ಕಡಲೆಯೂ ಇದೆ, ಕಡಿದಾಗ ಜುಂ ಅನ್ನುತ್ತದೆ, ತೋರಿಸಲು ರೊಕ್ಕವಿಲ್ಲ. ನನ್ನ ಬಾಕಿನ ಮೇಲೆ ಕೂರುವವರಲ್ಲಿ ಹೆಚ್ಚಿನವರು ಇವರೇ. ದಂತವೈದ್ಯ ಪರಿಷತ್ತು 2002-03ರಲ್ಲಿ ದೇಶದುದ್ದಕ್ಕೂ ನಡೆಸಿದ ಸಮೀಕ್ಷೆಯಲ್ಲಿ ಹನ್ನೆರಡು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು, 35ರಿಂದ 44 ವಯಸ್ಸಿನವರಲ್ಲಿ ನೂರಕ್ಕೆ ಎಂಬತ್ತು ಮಂದಿಗೆ ಹುಳುಕು ಹಲ್ಲು. ಇಷ್ಟು ಜನರಲ್ಲಿ ಬಡವರೂ ಇದ್ದಾರೆ, ಬಲ್ಲಿದರೂ ಇದ್ದಾರೆ. ಆ ಹಲ್ಲು ಮುಂದೆ ಬಾಯಲ್ಲಿ ಉಳಿಯುತ್ತದೋ ನನ್ನ ಟ್ರೇಗೆ ಬೀಳುತ್ತದೋ ಎಂಬಲ್ಲಿ ಭೇದ ಶುರುವಾಗುತ್ತದೆ.

ನಮ್ಮ ಹತ್ತಿರ ಬರುವುದಕ್ಕೆ ಮೊದಲು ಅವರು ಎಲ್ಲೆಲ್ಲಿ ಹೋಗಿರುತ್ತಾರೆ ಎಂಬುದನ್ನೂ ಕೇಳಿ. ಮೊದಲು ಲವಂಗ. ಆಮೇಲೆ ಹಲ್ಲಿನ ಸಂದಿಗೆ ತಂಬಾಕಿನ ಉಂಡೆ. ಆಮೇಲೆ ಸಂತೆಯಲ್ಲಿ ಬೀಜದ ಹೊಗೆ ಹಾಕಿ ‘ಹುಳ’ ತೆಗೆಯುವವನು. ಆಮೇಲೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ, ಎರಡೆರಡೇ ಬಿಡಿಯಾಗಿ. ಒಂದೊಂದೂ ಹತ್ತು ಇಪ್ಪತ್ತು ರೂಪಾಯಿಯದು, ಒಂದೊಂದೂ ಒಂದು ವಾರ ಮುಂದೂಡುತ್ತದೆ. ನಾವು ನೋಡುವುದು ಈ ವಾರಗಳೆಲ್ಲ ಮುಗಿದ ಮೇಲಿನ ಹಲ್ಲನ್ನು. “ಇಷ್ಟು ದಿನ ಏನ್ ಮಾಡ್ತಿದ್ದಿ?” ಎಂದು ಗದರುವ ಹಕ್ಕು ನಮಗಿದೆ ಎಂದುಕೊಳ್ಳುತ್ತೇವೆ. ಅವರೋ ದಿನವೂ ಖರ್ಚು ಮಾಡುತ್ತಲೇ ಇದ್ದರು.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ನೂಲ ಎಂಬ ಊರಿನ ಕಡೆಯ ಒಬ್ಬ ಹೆಂಗಸು, ಎರಡು ಎಮ್ಮೆ ಕಟ್ಟಿದವಳು, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಬೆಳಗಿನ ಮೊದಲ ಎಸ್‌ಟಿ ಬಸ್ಸಿಗೆ ಬಂದಳು. ನೋಡಿದೆ, ಇಂಜೆಕ್ಷನ್ ಕೊಟ್ಟೆ, ಹಲ್ಲು ತೆರೆದು ಒಳಗಿನ ಒತ್ತಡ ಇಳಿಸಿದೆ. ಐದು ನಿಮಿಷದಲ್ಲಿ ಅವಳ ಮುಖ ಸಡಿಲಾಯಿತು, ಕುರ್ಚಿಯಲ್ಲೇ ಕಣ್ಣು ಮುಚ್ಚಿದಳು. ನನಗೆ ಹೆಮ್ಮೆ. ಮುಂದಿನ ವಾರ ಬಾ ಅಂದೆ. ಒಟ್ಟು ಎಷ್ಟಾಗುತ್ತದೆಂದು ನಾನು ಹೇಳಲಿಲ್ಲ. ಹೊರಗೆ ಕೌಂಟರಿನಲ್ಲಿ ನಮ್ಮ ಹುಡುಗಿ ಹೇಳಿದಳು. ಆ ಹೆಂಗಸು ಮತ್ತೆ ಬರಲಿಲ್ಲ. ನೋವು ಹೋಗಿತ್ತಲ್ಲ. ಐದು ತಿಂಗಳ ಮೇಲೆ ಬಂದಾಗ ಕೆನ್ನೆ ಬಾತಿತ್ತು, ಹಲ್ಲು ಉದ್ದಕ್ಕೆ ಸೀಳಿತ್ತು, ಕೀಳದೆ ದಾರಿಯಿರಲಿಲ್ಲ. ಹತ್ತಿ ಕಚ್ಚಿಕೊಂಡೇ ಅವಳಂದದ್ದು: “ಮೊದಲ ಹೇಳಿದ್ರ ಹಾಲಿನ ಬಿಲ್ಲಿನ್ಯಾಗ ಕೊಡತಿದ್ನೆಲ್ರಿ ಬಾಯಿ.”

ಹಾಲಿನ ಬಿಲ್ಲು. ಕೊಲ್ಲಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಗೋಕುಳದಂಥ ಹಾಲಿನ ಸಹಕಾರ ಸಂಘಗಳ ಹಣ ಹತ್ತು ದಿನಕ್ಕೊಮ್ಮೆ ಮನೆಗೆ ಬರುತ್ತದೆ. ಪಶು ಆಹಾರದ ಕಡಿತ ಕಳೆದು ಉಳಿಯುವ ಆ ನೋಟುಗಳು ಬಹಳ ಮನೆಗಳಲ್ಲಿ ಹೆಂಗಸಿನ ಕೈಯವು. ರೂಟ್ ಕೆನಾಲಿನ ಒಂದು ಸಿಟ್ಟಿಂಗಿನಿಂದ ಇನ್ನೊಂದಕ್ಕೆ ಹತ್ತು ದಿನ ಬಿಟ್ಟರೆ ಹಲ್ಲಿಗೇನೂ ತೊಂದರೆಯಿಲ್ಲ. ಕಣ್ಣೆದುರಿಗೇ ಇದ್ದ ಈ ಹೊಂದಾಣಿಕೆ ನನಗೆ ಹೊಳೆಯಲು ಒಂದು ಹಲ್ಲು ಹೋಗಬೇಕಾಯಿತು.

ಅಂದಿನಿಂದ ನನ್ನ ಡೈರಿಯಲ್ಲಿ ಹೆಸರಿನ ಮುಂದೆ ಒಂದು ಅಕ್ಷರ ಇರುತ್ತದೆ. ‘ಹಾ’ ಅಂದರೆ ಹಾಲು: ನಾಲ್ಕು ಬಿಲ್ಲು, ನಾಲ್ಕು ಸಿಟ್ಟಿಂಗು. ‘ಕ’ ಅಂದರೆ ಕಬ್ಬು: ಸಕ್ಕರೆ ಕಾರ್ಖಾನೆಯ ಬಿಲ್ಲು ಬಂದ ಮೇಲೆ, ಗಂಡಸರ ಬ್ರಿಜ್ಜು, ಮುದುಕರ ಸೆಟ್ಟು. ‘ಬೋ’ ಅಂದರೆ ಇಚಲಕರಂಜಿಯ ದೀಪಾವಳಿ ಬೋನಸ್ಸು. ನೋವನ್ನು ಅಂದೇ ಇಳಿಸಿ, ಉಳಿದ ಕೆಲಸವನ್ನು ಅವರ ಪಂಚಾಂಗಕ್ಕೆ ಹೊಂದಿಸುತ್ತೇನೆ. ಗೋಡೆಗೆ ದರಪಟ್ಟಿ ಹಾಕಿದೆ, ಕನ್ನಡದಲ್ಲೂ ಮರಾಠಿಯಲ್ಲೂ. ಒಬ್ಬ ಹಿರಿಯ ಸಹೋದ್ಯೋಗಿ ಬಂದು, ಇದೇನು ಕಿರಾಣಿ ಅಂಗಡಿಯೇ ಎಂದು ಮುಖ ಸಿಂಡರಿಸಿದರು. ಕಿರಾಣಿ ಅಂಗಡಿಗೆ ಯಾರೂ ಹೆದರುತ್ತ ಹೋಗುವುದಿಲ್ಲ ಸರ್ ಅಂದೆ. ಬಾಕಿ ಉಳಿಸಿ ಹೋದವರಿಲ್ಲವೇ? ಇದ್ದಾರೆ. ಅವರಲ್ಲಿ ಹಾಲಿನವರು ಬಹಳ ಕಡಿಮೆ, ಬುಲೆಟ್ ಮೇಲೆ ಬಂದವರೇ ಹೆಚ್ಚು.

ಇದರಲ್ಲಿ ನನ್ನ ಜಾಣತನವೇನಿಲ್ಲ, ನೂರು ವರ್ಷದ ಹಿಂದೆಯೇ ನಮ್ಮ ಕಡೆಯ ಒಬ್ಬ ದೊರೆಗೆ ಇದು ಹೊಳೆದಿತ್ತು. ಕೊಲ್ಲಾಪುರದ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದರು. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1901ರಿಂದ ಅವರು ಒಂದರ ಹಿಂದೊಂದು ತೆರೆಸಿದ, ನೆರವು ಕೊಟ್ಟ ಬೋರ್ಡಿಂಗುಗಳು. ಮರಾಠರಿಗೆ, ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ. ಹಳ್ಳಿ ಹುಡುಗನನ್ನು ಶಾಲೆಯಿಂದ ದೂರವಿಡುವುದು ಶಾಲೆಯ ಫೀ ಒಂದೇ ಅಲ್ಲ, ಪೇಟೆಯಲ್ಲಿ ಎರಡು ಹೊತ್ತಿನ ಊಟ ಮತ್ತು ಮಲಗುವ ಜಾಗದ ಖರ್ಚು ಎಂದು ಆ ದೊರೆಗೆ ಗೊತ್ತಿತ್ತು. ಹಲ್ಲಿನದೂ ಹಾಗೆಯೇ, ತಡೆಯುವುದು ನಮ್ಮ ಫೀ ಒಂದೇ ಅಲ್ಲ, ಬಂದು ಹೋಗುವ ಖರ್ಚು ಕೂಡ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟಾಯಿತು. ನನ್ನ ದರದಲ್ಲಿ ನಾನು ಒಂದು ರೂಪಾಯಿ ಇಳಿಸಿರಲಿಲ್ಲ. ಆದರೂ ಮೂರನೆಯ ಸಿಟ್ಟಿಂಗಿಗೆ ಬರುವ ಹೆಂಗಸರ ಹೆಸರುಗಳು ಡೈರಿಯಲ್ಲಿ ಹೆಚ್ಚಾದವು.

ಸರ್ಕಾರದ ಮಾತು ಬಂತು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ ಇದೆ, ಬೇರೆ ಹೆಸರಿನಲ್ಲಿ 2012ರಿಂದಲೂ ಇತ್ತು, ಒಳ್ಳೆಯ ಯೋಜನೆ. ಬಾಯಿಯ ಕ್ಯಾನ್ಸರಾದರೆ ದವಡೆ ತೆಗೆಯುವ ಶಸ್ತ್ರಚಿಕಿತ್ಸೆ ಅದರಲ್ಲಿ ಆಗುತ್ತದೆ. ಹಲ್ಲು ತುಂಬಿಸುವುದು, ಸ್ವಚ್ಛ ಮಾಡಿಸುವುದು ಅದರಲ್ಲಿಲ್ಲ. ತಂಬಾಕಿನ ಮಶೇರಿ ಉಜ್ಜುವ ಅಜ್ಜಿ, ತಂಬಾಕಿನ ಮಾವಾ ಅಗಿಯುವ ಮಗ್ಗದ ಹುಡುಗ ಹಲ್ಲು ಸ್ವಚ್ಛ ಮಾಡಿಸಲು ಬಂದಿದ್ದರೆ ಕೆನ್ನೆಯ ಒಳಗಿನ ಬಿಳಿ ಮಚ್ಚೆ ನಮ್ಮ ಕಣ್ಣಿಗೆ ಬೀಳುತ್ತಿತ್ತು, ಬಾಯಿ ಮೂರು ಬೆರಳು ತೆರೆಯುತ್ತಿಲ್ಲ ಎಂಬುದು ಗೊತ್ತಾಗುತ್ತಿತ್ತು. ಸ್ವಚ್ಛ ಮಾಡಿಸುವ ಎಂಟುನೂರು ರೂಪಾಯಿ ಅವರ ಕಿಸೆಯದು, ಮುಂದಿನ ಲಕ್ಷಗಳು ಸರ್ಕಾರದವು. ಕಿಸೆಯಿಂದ ಹೋಗುವುದನ್ನು ಮನುಷ್ಯ ಮುಂದೂಡುತ್ತಾನೆ. ಇದೇ ತಂಬಾಕಿನ ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ನಿಷೇಧವಾಯಿತು. ಅದು ಎಷ್ಟರಮಟ್ಟಿಗೆ ನಿಂತಿದೆ ಎಂಬುದನ್ನು ನೀವು ಗಡಿಯ ಯಾವುದೇ ಪಾನ್ ಅಂಗಡಿಯ ಮುಂದಿನ ಗೋಡೆ ನೋಡಿ ಹೇಳಬಹುದು.

ಗಡಿಯಲ್ಲಿ ಇನ್ನೂ ಒಂದು ತಮಾಷೆ. ನನ್ನ ಬಳಿ ಬರುವ ಅಜ್ಜನೊಬ್ಬನ ಅಕ್ಕನನ್ನು ಸಂಕೇಶ್ವರದ ಕಡೆ ಕೊಟ್ಟಿದ್ದಾರೆ. ಅವಳಿಗೆ ಕರ್ನಾಟಕದ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಪುಕ್ಕಟೆ ಸಿಕ್ಕಿತು. ಇವನಿಗೆ ಸೆಟ್ಟಿಲ್ಲ, ಆದರೆ ಎಪ್ಪತ್ತೈದು ದಾಟಿದ್ದರಿಂದ ಎಸ್‌ಟಿ ಬಸ್ಸು ಪೂರ್ತಿ ಪುಕ್ಕಟೆ. ಕೊಲ್ಲಾಪುರಕ್ಕೆ ದಿನಾ ಹೋಗಿ ಬರಬಹುದು, ಅಲ್ಲಿ ಹೋಗಿ ಮಟನ್ ಊಟಕ್ಕೆ ಕೂತರೆ ಪಾಂಢರಾ ರಸ್ಸಾ ಎಂಬ ಬಿಳಿ ಸಾರು ಕುಡಿದು ತುಂಡು ಪಕ್ಕಕ್ಕಿಡಬೇಕು. ಹಟಕ್ಕೆ ಬಿದ್ದು ಒಮ್ಮೆ ಅಕ್ಕನ ಸೆಟ್ಟನ್ನೇ ಹಾಕಿ ನೋಡಿದನಂತೆ. ನಗಬೇಡಿ. 1948ರಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಶುರುವಾದಾಗ ಹಲ್ಲಿನ ಸೆಟ್ ಉಚಿತವೆಂದು ಜನ ಮುಗಿಬಿದ್ದಿದ್ದರು. 1951ರಲ್ಲಿ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಹೊರಟಾಗ, ಆ ವ್ಯವಸ್ಥೆಯನ್ನು ಕಟ್ಟಿ ನಿಲ್ಲಿಸಿದ್ದ ಅನ್ಯೂರಿನ್ ಬೆವನ್ ಮಂತ್ರಿ ಪದವಿಯನ್ನೇ ಬಿಟ್ಟು ಹೊರನಡೆದರು. ಹಲ್ಲಿನ ಸೆಟ್ಟಿಗಾಗಿ ಕುರ್ಚಿ ಬಿಟ್ಟ ಮಂತ್ರಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನಿಮ್ಮ ಕಷ್ಟವೂ ನನಗೆ ಗೊತ್ತಿದೆ. ಹಿಂದಿನ ಸಾಲಿನ ತಂದೆ ತಾಯಂದಿರಲ್ಲಿ ಹೊಲ ಒತ್ತೆಯಿಟ್ಟವರಿದ್ದಾರೆ. ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಆಟೋಕ್ಲೇವ್, ಎಲ್ಲದಕ್ಕೂ ಕಂತು. ಬೇರು ಕೆರೆಯುವ ಫೈಲುಗಳು ಮುರಿಯುತ್ತವೆ, ಕ್ಯಾಪು ಲ್ಯಾಬಿನಿಂದ ಬರಬೇಕು. ರೂಟ್ ಕೆನಾಲಿನ ಮೂರು ಸಾವಿರ ಲೂಟಿಯಲ್ಲ. ಪುಕ್ಕಟೆ ಮಾಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಮಾಡಿಲ್ಲ. ಆದರೆ ಆರು ಸಾವಿರ ಮತ್ತು ನಾಲ್ಕುನೂರರ ನಡುವೆ ಏನೂ ಇಲ್ಲ ಎಂಬಂತೆ ಮಾತಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಗ್ಲಾಸ್ ಅಯನೊಮರ್ ಸಿಮೆಂಟನ್ನೂ ಸಿಲ್ವರ್ ಡೈಅಮೀನ್ ಫ್ಲೋರೈಡನ್ನೂ ಸೇರಿಸಿತು. ಕರೆಂಟಿಲ್ಲದೆ, ಡ್ರಿಲ್ಲಿಲ್ಲದೆ, ಕೈ ಉಪಕರಣದಿಂದ ಹುಳುಕು ಕೆರೆದು ಸಿಮೆಂಟು ತುಂಬುವ ಪದ್ಧತಿಯನ್ನು 1980ರ ದಶಕದಲ್ಲೇ ಟಾಂಜಾನಿಯಾದ ಹಳ್ಳಿಗಳಲ್ಲಿ ಮಾಡಿ ತೋರಿಸಿದ್ದಾರೆ. ಕಾಲೇಜಿನಲ್ಲಿ ಇವನ್ನು ನಾವು ಎರಡನೆಯ ದರ್ಜೆಯ ಕೆಲಸದಂತೆ ಕಲಿಸುತ್ತೇವೆ, ಅದು ನಮ್ಮ ತಪ್ಪು. ಸಿಲ್ವರ್ ಹಚ್ಚಿದರೆ ಹುಳುಕು ನಿಲ್ಲುತ್ತದೆ, ಹಲ್ಲು ಕಪ್ಪಾಗುತ್ತದೆ. ಇದನ್ನು ಹೇಳಲು ನಾನು ಹಿಂದೆ ಮುಂದೆ ನೋಡುತ್ತಿದ್ದಾಗ ಮಗುವನ್ನು ಕರೆತಂದಿದ್ದ, ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುವ ಒಬ್ಬ ತಾಯಿ ಅಂದದ್ದು: “ಆಗಲೇಳ್ರಿ, ಹಾಲ್ಹಲ್ಲು ಹೆಂಗೂ ಬೀಳ್ತೈತಿ. ಅಲ್ಲೀಮಟ ರೊಟ್ಟಿ ತಿಂದ್ರ ಸಾಕು.”

ಹೀಗೆ ಎದುರಿಗಿಟ್ಟರೆ ಅವರೇ ಆರಿಸಿಕೊಳ್ಳುತ್ತಾರೆ, ಬಹಳ ಸಲ ನಾನು ಆರಿಸುವುದಕ್ಕಿಂತ ಚೆನ್ನಾಗಿ. ಮತ್ತೂ ಕೀಳಿಸಿಕೊಳ್ಳುವವರು ಕೀಳಿಸಿಕೊಳ್ಳುತ್ತಾರೆ. ಅವರಿಗೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನ ಹಲ್ಲು ಉದ್ದವಾಗುತ್ತದೆ ಎಂದು ಒಂದೇ ಸಲ, ನಿಧಾನವಾಗಿ ಹೇಳಿ, ಸೂಜಿ ಎತ್ತಿಕೊಳ್ಳಿ. ಗದರಬೇಡಿ.

ಪ್ರಾಚಾರ್ಯರು ಊಟಕ್ಕೆ ನಿಲ್ಲಿ ಎಂದಿದ್ದಾರೆ. ನಿಲ್ಲಲಾಗುವುದಿಲ್ಲ, ಗಡಹಿಂಗ್ಲಜದ ಬಸ್ಸು ಹಿಡಿಯಬೇಕು. ನಿನ್ನೆ ಹಾಲಿನ ಬಿಲ್ಲಾಗಿದೆ, ಸಂಜೆ ಬಾಕಿನ ತುಂಬ ಜನ ಇರುತ್ತಾರೆ.