ಬೆರಳ ತುದಿಯ ಬೆಳಕು



ಆಸ್ಪತ್ರೆಯ ಜಾಣಯಂತ್ರಗಳ ಬಗೆಗಿನ ಮಾತು ಬೆರಳಿಗೆ ಸಿಕ್ಕಿಸುವ ಪುಟ್ಟ ಪಲ್ಸ್ ಆಕ್ಸಿಮೀಟರಿನಿಂದ ಆರಂಭವಾಗುವುದು ಉಚಿತ. 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ಟಕುವೊ ಅಯೊಯಾಗಿ ಕಂಡುಕೊಂಡ ತತ್ತ್ವ ಸರಳವಾದುದು: ಕೆಂಪು ಮತ್ತು ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಂದಿಗೆ ಮಿಡಿಯುವ ರಕ್ತ ಯಾವುದನ್ನು ಎಷ್ಟು ಹೀರಿತೆಂದು ಅಳೆಯುವುದು. ಸೂಜಿಯಿಲ್ಲ, ನೋವಿಲ್ಲ. ಅರಿವಳಿಕೆಯ ಅಪಾಯವನ್ನು ತಗ್ಗಿಸಿದ ಸಾಧನಗಳಲ್ಲಿ ಇದೂ ಒಂದು. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಎನ್‌ಎಚ್‌ಎಸ್ ರೋಗಿಗಳ ಮನೆಗೆ ಕಳಿಸಿದ್ದು ಇದನ್ನೇ. ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಹಿಡಿದು ಮನೆಮನೆ ತಿರುಗಿದ್ದೂ ಇದನ್ನೇ.

ಆದರೆ ಆ ಬೆಳಕು ರಕ್ತವನ್ನು ಮುಟ್ಟಲು ಮೊದಲು ಚರ್ಮವನ್ನು ದಾಟಬೇಕು. 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಧ್ಯಯನದ ಅಂಕಿಗಳು ಹೀಗಿವೆ: ಸಾಧನವು ಶೇ. 92ರಿಂದ 96 ಎಂದು ತೋರಿಸಿದಾಗಲೂ, ಧಮನಿಯ ರಕ್ತಪರೀಕ್ಷೆಯಲ್ಲಿ ಆಮ್ಲಜನಕ ಶೇ. 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪುಜನರಲ್ಲಿ ಶೇ. 11.7. ಇಂಥ ದೋಷದ ಸುಳಿವು 1990ರಲ್ಲಿಯೇ ಸಿಕ್ಕಿತ್ತು. ಮೂರು ದಶಕ ಯಾರೂ ಅವಸರಪಡಲಿಲ್ಲ. ಸಾಧನದ ಪರೀಕ್ಷೆಗೆ ಒಳಪಡುವವರಲ್ಲಿ ಕನಿಷ್ಠ ಇಬ್ಬರು ಅಥವಾ ಶೇ. 15ರಷ್ಟು ಮಂದಿ, ಯಾವುದು ಹೆಚ್ಚೋ ಅಷ್ಟು, ಕಡುವರ್ಣದವರಿದ್ದರೆ ಸಾಕೆಂದು ಅಮೆರಿಕದ ಎಫ್‌ಡಿಎ 2013ರಲ್ಲಿ ಸೂಚಿಸಿತ್ತು.

ಈ ಅಂಕಿ ಈಗ ಬೆರಳ ತುದಿಯಲ್ಲೇ ನಿಲ್ಲುವುದಿಲ್ಲ. ಅದು ಕಂಪ್ಯೂಟರ್ ಕಡತಕ್ಕೆ ಹರಿಯುತ್ತದೆ. ಯಾರ ಸ್ಥಿತಿ ಹದಗೆಡುತ್ತಿದೆಯೆಂದು ಎಚ್ಚರಿಸುವ ತಂತ್ರಾಂಶಕ್ಕೆ ಆಹಾರವಾಗುತ್ತದೆ. ಮೂಲದ ತಪ್ಪು ಅಲ್ಲಿ ತೀರ್ಪಿನ ವೇಷ ತೊಡುತ್ತದೆ.

ತಂತ್ರಾಂಶ ಚರ್ಮದ ಬಣ್ಣವನ್ನು ನೋಡದಿದ್ದರೂ ಅಷ್ಟೇ. ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಲೆಕ್ಕಾಚಾರವು ಕಾಯಿಲೆಯ ತೀವ್ರತೆಗೆ ಬದಲಾಗಿ ಚಿಕಿತ್ಸೆಯ ವೆಚ್ಚವನ್ನು ಅಳೆಯುತ್ತಿತ್ತು. ಸಯನ್ಸ್ ಪತ್ರಿಕೆಯಲ್ಲಿ 2019ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಈ ದೋಷ ನೀಗಿದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪುಜನರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು. ಇದೇ ತರ್ಕವನ್ನು ರಾಯಚೂರಿಗೆ ಒಯ್ದರೆ, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಲಾಗದ ಕೂಲಿಯಾಳು ಎಲ್ಲರಿಗಿಂತ ಆರೋಗ್ಯವಂತನೆನಿಸಿಕೊಳ್ಳುತ್ತಾನೆ!

ಬ್ರಿಟನ್ನಿನಲ್ಲಿ ಮಾರ್ಗರೆಟ್ ವೈಟ್‌ಹೆಡ್ ಅಧ್ಯಕ್ಷತೆಯ ಸ್ವತಂತ್ರ ಸಮಿತಿಯ ವರದಿ 2024ರ ಮಾರ್ಚಿನಲ್ಲಿ ಹೊರಬಂದಿತು. ಆಕ್ಸಿಮೀಟರಿನ ಜೊತೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳನ್ನೂ ಅದು ಪರಿಶೀಲಿಸಿತು. ಇಂಥ ತಂತ್ರಾಂಶ ಬರೆಯುವವರಲ್ಲಿ, ಹಾಸಿಗೆಯ ಬಳಿ ನಿಂತು ಪರದೆ ಓದುವ ವೈದ್ಯ-ದಾದಿಯರಲ್ಲಿ ಕನ್ನಡಿಗರೂ ಇದ್ದಾರೆ. ಯಾರ ಮೈಮೇಲೆ ಪರೀಕ್ಷಿಸಿದ ಸಾಧನವಿದು ಎಂದು ಖರೀದಿಗೆ ಮುನ್ನ ಕೇಳುವ ಅವಕಾಶ ಅವರಿಗಿದೆ. ಪರದೆ 95 ಎನ್ನುತ್ತಿರುವಾಗ ರೋಗಿ ಏದುಸಿರು ಬಿಡುತ್ತಿದ್ದರೆ, ಧಮನಿಯ ರಕ್ತ ತೆಗೆದು ನೋಡುವ ಹಳೆಯ ದಾರಿ ಈಗಲೂ ತೆರೆದಿದೆ.