ಬಿಸಿಲು ಬೇಕು, ಸೆಕೆ ಬೇಡ



ಬೇಸಗೆ ಹಿತವೋ, ಚಳಿಗಾಲ ಹಿತವೋ ಎಂದು ಕೇಳಿದರೆ ಬೀದರಿನವರೂ ಮಡಿಕೇರಿಯವರೂ ಥಟ್ಟನೆ ಉತ್ತರ ಕೊಟ್ಟಾರು. ಮಂಗಳೂರಿನವರಿಗೆ ಮಾತ್ರ ಈ ಪ್ರಶ್ನೆ ತುಸು ತೊಡಕಿನದು. ಆರಿಸಿಕೊಳ್ಳಲು ಇಲ್ಲಿ ಚಳಿಗಾಲವಾದರೂ ಎಲ್ಲಿದೆ?

ಹವಾಮಾನದ ಅಂಕಿಗಳನ್ನು ನೋಡಿದರೆ ಸೋಜಿಗವೆನಿಸುತ್ತದೆ. ಜನವರಿಯಲ್ಲಿ ಮಂಗಳೂರಿನ ಹಗಲಿನ ಗರಿಷ್ಠ ಉಷ್ಣತೆ ಸರಾಸರಿ 32-33 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ವರ್ಷದ ಅತಿ ತಂಪಾದ ಹಗಲು ಬರುವುದು ಜುಲೈಯ ಮಳೆಯಲ್ಲಿ. ಚಳಿಗಾಲದಲ್ಲಿ ಇಳಿಯುವುದು ರಾತ್ರಿಯ ಉಷ್ಣತೆ ಮಾತ್ರ; ಅದೂ 20-22ರ ಆಸುಪಾಸಿಗೆ. ಘಟ್ಟದ ಕಡೆಯಿಂದ ಬೀಸುವ ಮೂಡುಗಾಳಿ ಜೋರಾಗಿದ್ದರೆ ಕಡಲಗಾಳಿ ಒಳಬರುವುದು ತಡವಾಗಿ, ಜನವರಿಯ ಮಧ್ಯಾಹ್ನವೂ ಸುಡುತ್ತದೆ.

ಹಾಗಾದರೆ ಜನವರಿ ಹಿತ, ಮೇ ಅಸಹ್ಯ ಅನ್ನಿಸುವುದೇಕೆ? ಬೆವರು ಆರಿದರೆ ಮೈ ತಣಿಯುತ್ತದೆ. ಗಾಳಿಯೇ ನೀರು ಕುಡಿದು ನಿಂತಿರುವಾಗ ಬೆವರು ಆರುವುದಿಲ್ಲ, ಸುರಿಯುತ್ತದೆ. ಕಲಬುರಗಿಯ 40 ಡಿಗ್ರಿ ಕಂಡವರು ಮಂಗಳೂರಿನ 33ಕ್ಕೆ ಸೋಲುವುದು ಇದರಿಂದಲೇ. ಇದಕ್ಕೆ ಕರಾವಳಿಯ ಕನ್ನಡದಲ್ಲಿ ಬೇರೆ ಹೆಸರೇ ಇದೆ: ಸೆಕೆ. ಬಿಸಿಲು ಬೇರೆ, ಸೆಕೆ ಬೇರೆ. ದೂರು ಇರುವುದು ಸೆಕೆಯ ಮೇಲೆ. ಬಿಸಿಲು ಇಲ್ಲಿನವರಿಗೆ ಬಂಡವಾಳ.

ಮೀನನ್ನೇ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳ ಸಾರಿಗೆ ಬೇಕಾದ ಸಿಗಡಿ, ಬಂಗುಡೆ ಒಣಗುವುದು ಏಪ್ರಿಲ್-ಮೇ ಬಿಸಿಲಿನಲ್ಲಿ. ಚಾಲಿ ಅಡಿಕೆಗೆ ಸುಮಾರು 40 ದಿನಗಳ ಬಿಸಿಲು ಬೇಕು. ನಡುವೆ ಒಂದು ಅಕಾಲ ಮಳೆ ಬಿದ್ದರೆ ಬೂಷ್ಟು, ಬೆಲೆಯೂ ಬಿತ್ತು. ಹಪ್ಪಳ, ಸಂಡಿಗೆ, ಮಾಂಬಳ, ಸೌದೆ, ಎಲ್ಲವೂ ಆಟಿ ತಿಂಗಳ ಬಡತನಕ್ಕೆಂದು ಕೂಡಿಟ್ಟ ಬಿಸಿಲೇ. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ಲಂಗರು ಹಾಕುತ್ತವೆ. ಆಟವೂ ಹಾಗೆಯೇ: ದೀಪಾವಳಿ ಕಳೆದ ಮೇಲೆ ಹೊರಟ ಯಕ್ಷಗಾನ ಮೇಳಗಳು ಮೇ 24-25ರ ಸುಮಾರಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಭೂತಕೋಲಗಳಿಗೂ ಅದೇ ಗಡು.

ಚಳಿಯೂ ಪೂರ್ತಿ ಬೇಡದ ವಸ್ತುವಲ್ಲ. ಡಿಸೆಂಬರ್-ಜನವರಿಯ ರಾತ್ರಿಗಳು ತಣ್ಣಗಿದ್ದರೆ ಮಾವು ಚೆನ್ನಾಗಿ ಹೂ ಬಿಡುತ್ತದೆ. ಮೋಡ ಕವಿದರೆ ಗೇರುಹೂವು ಕರಟುತ್ತದೆ. ಇಲ್ಲಿನ ಚಳಿಗಾಲದ ಫಲವನ್ನು ತಿನ್ನುವುದು ಮೇಯಲ್ಲಿ!

ಸೆಕೆಗೆ ಹಿಂದಿನವರು ಕಂಡುಕೊಂಡ ಉಪಾಯ ಮಾಡಿನಲ್ಲಿತ್ತು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ದೂರದೂರದ ದೇಶಗಳಿಗೂ ಹೋಯಿತು. ಮಳೆಗೆಂದು ಇಳಿಜಾರಾಗಿ ಹೊದೆಸಿದ ಆ ಮಾಡು, ಹೆಂಚುಗಳ ಸಂದಿಯಿಂದ ಬಿಸಿಗಾಳಿಯನ್ನು ಹೊರಬಿಟ್ಟು ಬೇಸಗೆಗೂ ಒದಗುತ್ತಿತ್ತು. ಈಗಿನ ತಾರಸಿ ಹಗಲಿಡೀ ಬಿಸಿಲು ನುಂಗಿ ರಾತ್ರಿ ಮನೆಯೊಳಗೆ ಕಾರುತ್ತದೆ. ಕಚೇರಿಯ ಏಸಿಯಲ್ಲಿ ಕುಳಿತವರಿಗೆ ಇದು ಗೊತ್ತಾಗದು. ಅಂಥ ಮನೆಯೊಳಗೆ ಕುಳಿತು ಬೀಡಿ ಕಟ್ಟುವ ಹೆಂಗಸರಿಗೆ, ದಿನವಿಡೀ ಮೀನಿನ ಬುಟ್ಟಿ ಹೊತ್ತು ರಾತ್ರಿ ನಿದ್ದೆಗೆಟ್ಟವರಿಗೆ ಚೆನ್ನಾಗಿ ಗೊತ್ತು. ಹಳೆಯ ಮಾಡನ್ನು ಕಳಚಿದ ಊರು ಈಗ ತಾರಸಿಯ ಮೇಲೆ ಕಂಬ ನಿಲ್ಲಿಸಿ ಮತ್ತೆ ಇಳಿಜಾರು ಮಾಡು ಕಟ್ಟುತ್ತಿದೆ, ಹೆಂಚಿನ ಬದಲು ತಗಡಿನದು. ಮಳೆಗಾಲದಲ್ಲಿ ಅದರ ಅಡಿಯಲ್ಲಿ ಬಟ್ಟೆ ಒಣಗುತ್ತದೆ.